ಬುಡೇನ್ ಸಾಬ್ರ ಸೈಕಲ್ಲಿನ ಎಡಗಡೆ ಪೆಡಲು

ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಬಲ್ಬು. ನಡುಮನೆಯ ತೊಲೆಗೆ ಮೊಳೆ ಹೊಡೆದು ಕರಿ ವೈರಿನಲ್ಲಿ ಇಳಿಬಿಟ್ಟಿದ್ದರು. ಅದರ ಕೆಳಗೆ ಅವ್ವ ಅಕ್ಕಿ ಆರಿಸುತ್ತಿದ್ದಳು, ಅಪ್ಪ ಟ್ಯೂಬಿಗೆ ಪ್ಯಾಚು ಹಾಕುತ್ತಿದ್ದ, ನಾನು ಬೇರಿಂಗಿನ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯ ಮೇಲೆ ಹರವುತ್ತಿದ್ದೆ. ಒಂದು ದಿನ ಮುಸ್ಸಂಜೆ ಅಂಗಡಿಯಿಂದ ಒಳಗೆ ಬಂದು ನೋಡ್ತೀನಿ, ಬಲ್ಬು ತನ್ನ ಜಾಗದಲ್ಲಿ ಇಲ್ಲ. ಅಪ್ಪ ವೈರು ಉದ್ದ ಮಾಡಿ ಅದನ್ನು ಕಿಟಕಿ ಪಕ್ಕದ ಮೂಲೆಗೆ ಎಳೆದು, ನನ್ನ ಸೋದರತ್ತೆಯ ಮಗ ಪ್ರಕಾಶನ ತಲೆಯ ಮೇಲೆ ಸರಿಯಾಗಿ ನೇತುಹಾಕಿದ್ದ. ಪ್ರಕಾಶ ಪುಸ್ತಕದೊಳಗೆ ಮುಖ ಇಟ್ಟು ಕೂತಿದ್ದ. ನಾವು ಮೂವರೂ ಅವನ ನೆರಳಿನಲ್ಲಿ ಕೂತು ಉಂಡೆವು. ಹೊಟ್ಟೆಕಿಚ್ಚು ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಮಾತಿನಲ್ಲಿ ಹೇಳಲಾರೆ. ಆ ಬಲ್ಬು ಈಗಲೂ ಇದ್ದಿದ್ದರೆ ಅದನ್ನೇ ತೋರಿಸುತ್ತಿದ್ದೆ.

ಹೊಸದುರ್ಗದ ಸಂತೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮುಂದಿನ ಅಂಕಣ ಅಪ್ಪನ ಸೈಕಲ್ ಶಾಪು, ಅದರ ಹಿಂದೆ ನಡುಮನೆ, ಅದರ ಹಿಂದೆ ಹೊಗೆ ಹಿಡಿದ ಅಡುಗೆಮನೆ, ಕೊನೆಗೆ ಬಟ್ಟೆ ಒಗೆಯುವ ಕಲ್ಲು, ಎರಡು ತೆಂಗಿನ ಮರ ಇದ್ದ ಹಿತ್ತಲು. ಅಂಗಡಿಗೂ ನಡುಮನೆಗೂ ನಡುವೆ ಬಾಗಿಲು ಇರಲಿಲ್ಲ, ಹೊಸ್ತಿಲು ಮಾತ್ರ ಇತ್ತು. ಹಾಗಾಗಿ ಟೈರು, ಗ್ರೀಸು, ಪಂಚರಿನ ಸೊಲ್ಯೂಷನ್ನು, ಎಲ್ಲದರ ವಾಸನೆಯೂ ಒಳಗೆ ಬಂದು ನಮ್ಮ ಜೊತೆ ಊಟಕ್ಕೆ ಕೂರುತ್ತಿತ್ತು. ನಮ್ಮ ಮನೆ ಮುದ್ದೆ ನುಂಗಿದರೆ ಹೊಟ್ಟೆಗೆ ಪಂಚರ್ ಆಗಲ್ಲ ಅಂತ ನೆಂಟರು ನಗಾಡುತ್ತಿದ್ದರು. ಅವ್ವನಿಗೆ ಸಿಟ್ಟು ಬರುತ್ತಿತ್ತು. ಅಪ್ಪ ಮಾತ್ರ ನಗುತ್ತಿದ್ದ. ಬೆಳಗ್ಗೆ ಎದ್ದು ಲಿಂಗಪೂಜೆ ಮುಗಿಸಿ, ಹಣೆಗೆ ಹಚ್ಚಿದ ವಿಭೂತಿಯಲ್ಲಿ ಉಳಿದದ್ದನ್ನು ಪಾನಗಳ ಪೆಟ್ಟಿಗೆಗೂ ಹಚ್ಚಿದ ಮೇಲೇ ಅವನು ಅಂಗಡಿಯ ಹಲಗೆ ತೆಗೆಯುತ್ತಿದ್ದದ್ದು. ನಟ್ಟು ಬಿಚ್ಚುವ ಬಿಗಿಯುವ ಪಾನಗಳು ಅವನಿಗೆ ಬರೀ ಕಬ್ಬಿಣ ಆಗಿರಲಿಲ್ಲ.

ನಾನು ಸ್ಕೂಲು ಬಿಟ್ಟದ್ದು ದಡ್ಡನಾಗಿ ಅಲ್ಲ. ಇದನ್ನು ಇಲ್ಲಿ ಬರೆಯಲೇಬೇಕು, ಏಕೆಂದರೆ ಬಿಟ್ಟವರೆಲ್ಲ ದಡ್ಡರು ಅಂತ ಓದಿದವರು ತಿಳಿದುಕೊಂಡಿರುತ್ತಾರೆ. ನಾನು ಏಳನೇ ಕ್ಲಾಸು ಮುಗಿಸಿದ ರಜೆಯಲ್ಲಿ ಅಪ್ಪನ ಬಲಗೈ ಚೈನಿಗೂ ಹಲ್ಲಿನ ಚಕ್ರಕ್ಕೂ ನಡುವೆ ಸಿಕ್ಕಿ ಎರಡು ಬೆರಳಿನ ತುದಿ ಹೋದವು. ದೊಡ್ಡ ಕೆಲಸ ಹೇಗೋ ಮಾಡುತ್ತಿದ್ದ, ಸಣ್ಣ ನಟ್ಟು ಹಿಡಿಯಲಿಕ್ಕೆ ಆಗುತ್ತಿರಲಿಲ್ಲ. ಗಾಯದ ಬಟ್ಟೆ ಬಿಚ್ಚಿದ ದಿನ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ:

"ಒಂದು ವರ್ಷ ಅಂಗಡೀಲಿ ಕುಂತ್ಕಳಪ್ಪ ತಿಪ್ಪಾ. ನನ್ನ ಕೈ ಸರಿ ಹೋಗ್ಲಿ. ಆಮೇಲೆ ಸ್ಕೂಲಿಗೆ ಹೋಗೀಯಂತೆ."

ಕಡಿದ ಬೆರಳು ಬೆಳೆಯುತ್ತದಾ? ಹದಿಮೂರು ವರ್ಷದವನಿಗೂ ಗೊತ್ತಾಗುವ ಮಾತು ಅದು. ಆದರೂ ನಾನು ನಂಬಿದೆ. ಅವ್ವ ಹಳೇ ಖಾಕಿ ಪ್ಯಾಂಟು ಕತ್ತರಿಸಿ ಹೊಲಿದುಕೊಟ್ಟಿದ್ದ ನನ್ನ ಸ್ಕೂಲ್ ಚೀಲವನ್ನು ಹೊಸ್ತಿಲ ಪಕ್ಕದ ಗೂಟಕ್ಕೆ ನೇತುಹಾಕಿದೆ. ಅಂಗಡಿಯಲ್ಲಿ ಕೂತರೆ ಅದು ಕಣ್ಣಿಗೆ ಬೀಳುತ್ತಿತ್ತು. ಒಳಗೆ ಪುಸ್ತಕಗಳು ಹಾಗೇ ಇದ್ದವು. ಒಂದು ವರ್ಷದಲ್ಲಿ ನಾನು ಗಾಲಿಯ ಬೆಂಡು ತೆಗೆಯುವುದರಲ್ಲಿ ಅಪ್ಪನನ್ನೇ ಮೀರಿಸಿದೆ. ಗಾಲಿಯನ್ನು ತಿರುಗಿಸಿಬಿಟ್ಟು, ಕಿವಿ ಹತ್ತಿರ ಇಟ್ಟು, ಯಾವ ಕಡ್ಡಿ ಸಡಿಲ ಅಂತ ಸದ್ದಿನಲ್ಲೇ ಹೇಳುತ್ತಿದ್ದೆ.

ನಾನು ಆಗ ಬದುಕುತ್ತಿದ್ದದ್ದು ಒಂದು ಆಸೆಗಾಗಿ. ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಸೈಕಲ್ಲು ಆ ಕಾಲದಲ್ಲಿ ಬಿಡಿಬಿಡಿಯಾಗಿ ಬರುತ್ತಿತ್ತು. ಅದನ್ನು ಕೂಡಿಸಿ, ಹ್ಯಾಂಡಲಿಗೆ ಮೂರು ಬೆರಳು ವಿಭೂತಿ ಎಳೆದು, ಎರಡು ಗಾಲಿಗೂ ನಿಂಬೆಹಣ್ಣು ಇಟ್ಟ ಮೇಲೆ, ಕೊಂಡವರಿಗೆ ಕೊಡುವ ಮೊದಲು ಕೂಡಿಸಿದವನೇ ಅದನ್ನು ಹತ್ತಬೇಕು. ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಅಲ್ಲಿದ್ದ ಬೇವಿನ ಮರ ಸುತ್ತಿ ವಾಪಸ್ ಬರಬೇಕು. ಅದಕ್ಕೆ ಮೊದಲ ಸುತ್ತು ಅನ್ನುತ್ತಿದ್ದೆವು. ತಾನು ಕೂಡಿಸಿದ್ದರ ಮೇಲೆ ತಾನು ಕೂರದವನು ಬೇರೆಯವರನ್ನ ಕೂರಿಸಬಾರದು ಅನ್ನೋದು ಅಪ್ಪನ ಮಾತು. ಮೊದಲ ಸುತ್ತು ಹೋಗುವಾಗ ಸಂತೆ ರಸ್ತೆಯ ಅಂಗಡಿಯವರೆಲ್ಲ ಎದ್ದು ನೋಡುತ್ತಿದ್ದರು. ಅಪ್ಪ ಬೆನ್ನು ನೆಟ್ಟಗೆ ಮಾಡಿ, ಬೆಲ್ಲು ಹೊಡೆಯದೆ, ಮದುವೆ ಗಂಡಿನ ಹಾಗೆ ಹೋಗುತ್ತಿದ್ದ. ಒಂದು ಸೈಕಲ್ಲನ್ನು ನೀನೊಬ್ಬನೇ ಕೂಡಿಸುವ ದಿನ ಮೊದಲ ಸುತ್ತು ನಿನ್ನದು ಅಂತ ನನಗೆ ಮಾತು ಕೊಟ್ಟಿದ್ದ.

ಆ ವರ್ಷವೇ ಪ್ರಕಾಶ ಬಂದದ್ದು. ಯಲ್ಲದಕೆರೆಯಲ್ಲಿದ್ದ ನನ್ನ ಸೋದರತ್ತೆಯ ಗಂಡ ತೀರಿಕೊಂಡಿದ್ದರು. ಮಗನನ್ನು ಹೊಸದುರ್ಗದ ಹೈಸ್ಕೂಲಿಗೆ ಸೇರಿಸಲು ಅತ್ತೆ ಅವನನ್ನೂ ಒಂದು ಚೀಲ ಕಡ್ಲೆಕಾಯಿಯನ್ನೂ ತಂದು ನಮ್ಮ ನಡುಮನೆಯಲ್ಲಿ ಇಳಿಸಿ, ಸೆರಗು ಬಾಯಿಗೆ ಇಟ್ಟುಕೊಂಡು ಅತ್ತಳು. ಪ್ರಕಾಶ ನನಗಿಂತ ಆರು ತಿಂಗಳು ದೊಡ್ಡವನು, ತೆಳ್ಳಗೆ ಬೆಳ್ಳಗೆ ಇದ್ದ, ಕೈಬೆರಳು ಹೆಣ್ಣುಮಕ್ಕಳ ಬೆರಳಿನ ಹಾಗೆ ಇದ್ದವು. ಅಪ್ಪ ಅವನನ್ನು ಮೇಲೆ ಕೆಳಗೆ ನೋಡಿ, ಸೀದಾ ಎದ್ದು ಹೋಗಿ ಗೂಟದಿಂದ ನನ್ನ ಚೀಲ ತೆಗೆದ. ನನ್ನ ಪುಸ್ತಕಗಳನ್ನು ಈಚೆ ಇಟ್ಟು, ಬರೀ ಚೀಲವನ್ನು ಅವನ ಕೈಗೆ ಕೊಟ್ಟ.

"ಹೊಸದು ಹೊಲಿಸಿಕೊಡ್ತೀನಿ ಕಣಪ್ಪ. ಅಲ್ಲೀಗಂಟ ಇದಿರ್ಲಿ."

ಹೊಸದು ಹೊಲಿಸಲೇ ಇಲ್ಲ. ಹತ್ತನೇ ಕ್ಲಾಸು ಮುಗಿಯುವವರೆಗೆ ನನ್ನ ಚೀಲವೇ ಅವನ ಹೆಗಲಲ್ಲಿ ಸ್ಕೂಲಿಗೆ ಹೋಗಿ ಬಂತು. ಅವ್ವ ಮೊದಲ ಮುದ್ದೆಯನ್ನು ಅಪ್ಪನ ತಟ್ಟೆಗೆ, ಎರಡನೆಯದನ್ನು ಪ್ರಕಾಶನ ತಟ್ಟೆಗೆ ಹಾಕತೊಡಗಿದಳು. ಹುರುಳಿಸಾರಿನ ಮೇಲೆ ಅವನಿಗೆ ಒಂದು ಚಮಚ ತುಪ್ಪ. ತಂದೆ ಇಲ್ಲದ ಮಗು ಅಂತ ನನಗೆ ಕೇಳಿಸುವ ಹಾಗೆ ಹೇಳಿಯೇ ಹಾಕುತ್ತಿದ್ದಳು. ತಂದೆ ಇರುವ ಮಗುವಾದ ನಾನು ಒಣ ಮುದ್ದೆಯನ್ನು ಸಾರಿಗೆ ಅದ್ದಿ ನುಂಗುತ್ತಿದ್ದೆ. ಅಪ್ಪ ಎಳನೀರು ಕೆಡವಿದರೆ ಮೊದಲ ಬುರುಡೆ ಅವನಿಗೆ. ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಏನೆಂದರೆ, ಊಟ ಆದ ಮೇಲೆ ಅಪ್ಪ ಅವನ ಪಕ್ಕ ಹೋಗಿ ಕೂತು, ಆ ಮೊಂಡು ಬೆರಳುಗಳನ್ನು ಇಂಗ್ಲಿಷ್ ಪುಸ್ತಕದ ಮೇಲೆ ಇಟ್ಟು, ಇದೇನು, ಇದೇನು ಅಂತ ಮಗುವಿನ ಹಾಗೆ ಕೇಳುತ್ತಿದ್ದದ್ದು. ನನ್ನ ಗಾಲಿಯ ಸದ್ದನ್ನು ಅವನು ಹಾಗೆ ಪಕ್ಕದಲ್ಲಿ ಕೂತು ಕೇಳಿದ್ದೇ ಇಲ್ಲ.

ಪ್ರಕಾಶ ಕೆಟ್ಟವನಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಅವನು ತುಪ್ಪದ ಅರ್ಧ ಮುದ್ದೆ ಮುರಿದು ನನ್ನ ತಟ್ಟೆಗೆ ಹಾಕುತ್ತಿದ್ದ. ನಾನು ಅದನ್ನು ಬದಿಗೆ ಸರಿಸಿ ಉಳಿದದ್ದು ಉಂಡು ಏಳುತ್ತಿದ್ದೆ. ಸಂಜೆ ಅಂಗಡಿಗೆ ಬಂದು ಏನಾದರೂ ಮಾಡಲಾ ಅಂತ ಕೇಳುತ್ತಿದ್ದ.

"ನಿನ್ನ ಕೈ ಮಸಿಯಾಗ್ತದೆ, ಹೋಗು. ಓದ್ಕ ಹೋಗು," ಅನ್ನುತ್ತಿದ್ದೆ.

"ಮಸಿಯಾದ್ರೆ ತೊಳ್ಕಂತೀನಿ ಬಿಡೋ."

"ಇದು ತೊಳೆದ್ರೆ ಹೋಗೋ ಮಸಿ ಅಲ್ಲ ಕಣೋ."

ಹೀಗಿರುವಾಗ ಒಂದು ಸಲ ಎರಡು ಸೈಕಲ್ಲಿನ ಸಾಮಾನು ಒಟ್ಟಿಗೆ ಬಂತು. ಯಾವುದೋ ಹೊಸ ಕಂಪನಿಯದು. ಜೊತೆಗೆ ಒಂದು ಅಚ್ಚಾದ ಹಾಳೆ ಇತ್ತು, ಪೂರಾ ಇಂಗ್ಲಿಷು, ಅಲ್ಲಲ್ಲಿ ಚಿತ್ರ. ಅದುವರೆಗೆ ಅಪ್ಪ ಕೂಡಿಸಿದ್ದೆಲ್ಲ ನೆನಪಿನ ಮೇಲೆ. ಹಾಳೆ ನೋಡಿ ಅವನಿಗೆ ಭಯ, ಭಕ್ತಿ ಎರಡೂ ಹುಟ್ಟಿದವು. ಊಟದ ಹೊತ್ತಿಗೆ ಅದನ್ನು ಪ್ರಕಾಶನ ಮುಂದೆ ಹಿಡಿದ. ಮೇಲುಗಡೆ ದಪ್ಪ ಅಕ್ಷರದಲ್ಲಿದ್ದ ಮಾತನ್ನು ಪ್ರಕಾಶ ಓದಿದ.

"ಅಸೆಂಬಲ್ ಅಂತ ಐತೆ ಮಾವ. ಸೈಕಲ್ಲನ್ನ ಹೆಂಗೆ ಅಸೆಂಬಲ್ ಮಾಡ್ಬೇಕು ಅಂತ."

"ಹಂಗಂದ್ರೇನಪ್ಪ?"

ಅವನು ಡಿಕ್ಷನರಿ ತೆಗೆದು ನೋಡಿ, "ಕೂಡಿಸು, ಜೋಡಿಸು, ಒಟ್ಟುಗೂಡಿಸು," ಅಂದ.

ಅಪ್ಪ ಆ ಮಾತನ್ನು ಬಾಯೊಳಗೆ ಕಲ್ಲುಸಕ್ಕರೆಯ ಹಾಗೆ ಹೊರಳಿಸಿದ. ಇಪ್ಪತ್ತು ವರ್ಷದಿಂದ ತಾನು ಮಾಡುತ್ತಿದ್ದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರು ಇದೆ ಅನ್ನೋದೇ ಅವನಿಗೆ ಸನ್ಮಾನ ಮಾಡಿದ ಹಾಗಾಗಿತ್ತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಟುಕೊಂಡ. ಬಂದವರಿಗೆಲ್ಲ ತೆಗೆದು ತೋರಿಸಿದ, ಮತ್ತೆ ಮಡಿಸಿದ. ಎರಡು ದಿನದಲ್ಲಿ ಮನೆಯಲ್ಲಿ ಅದೇ ಮಾತು. ಅವ್ವ ಅಡುಗೆಮನೆಯಿಂದ, "ಮುದ್ದೆ ಆಗೈತೆ, ಎಲ್ರೂ ಬಂದು ಅಸೆಂಬಲ್ ಆಗ್ರಪ್ಪ" ಅಂತ ಕೂಗಿದರೆ ಪ್ರಕಾಶ ಬಿದ್ದು ಬಿದ್ದು ನಗುತ್ತಿದ್ದ, ಅಪ್ಪನೂ ನಗುತ್ತಿದ್ದ. ನಾನು ನಗಲಿಲ್ಲ. ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಕೂತು, ಯಾರಿಗೂ ಕೇಳದ ಹಾಗೆ ಆ ಮಾತನ್ನು ಹೇಳಿ ಹೇಳಿ ಅಭ್ಯಾಸ ಮಾಡಿದೆ. ಪ್ರಕಾಶನ ಬಾಯಲ್ಲಿ ಬಂದ ಹಾಗೆ ನನ್ನ ಬಾಯಲ್ಲೂ ಬರಬೇಕಿತ್ತು, ಅದನ್ನು ಅಪ್ಪ ಕೇಳಬೇಕಿತ್ತು.

ಆ ಎರಡರಲ್ಲಿ ಒಂದು ಸೈಕಲ್ಲನ್ನು ಬಳೆ ಬುಡೇನ್ ಸಾಬ್ರು ತಮಗೆ ಅಂತ ಹೇಳಿದ್ದರು. ಹಳ್ಳಿ ಹಳ್ಳಿ ತಿರುಗಿ ಬಳೆ ತೊಡಿಸುವವರು. ತಲೆಮಾರುಗಳಿಂದ ಅವರ ಮನೆಯವರದು ಅದೇ ಕಸುಬು. ಹಿಂದಿನ ಕ್ಯಾರಿಯರಿಗೆ ಬಳೆ ಪೆಟ್ಟಿಗೆ ಕಟ್ಟಿ ಒಂದು ಬಳೆಯೂ ಒಡೆಯದ ಹಾಗೆ ಸೈಕಲ್ ಹೊಡೆಯುತ್ತಾರೆ ಅಂತ ಅವರ ಹೆಸರಿತ್ತು. ಶನಿವಾರ ನಾನು ಗೋಣಿತಾಟು ಹಾಸಿ ಸಾಮಾನುಗಳನ್ನೆಲ್ಲ ಪೇಪರು ಬಿಚ್ಚಿ, ಒರೆಸಿ, ಗ್ರೀಸು ಹಚ್ಚಿ ಒಂದು ಕಡೆ ಸೇರಿಸಿಟ್ಟೆ. ಸಾಬ್ರು ರಸ್ತೆಯಲ್ಲಿ ಹೋಗುತ್ತಿದ್ದರು. ಅಪ್ಪನೂ ಪ್ರಕಾಶನೂ ಒಳಗೇ ಇದ್ದರು. ಇದೇ ಸಮಯ ಅಂತ ನಾನು ಗಟ್ಟಿಯಾಗಿ ಕೂಗಿದೆ:

"ಬರ್ರಿ ಸಾಬ್ರೆ, ನಿಮ್ಮ ಸೈಕಲ್ಲು ಅಸೆಂಬಲ್ ಮಾಡಿದೀನಿ, ನೋಡ್ಬರ್ರಿ!"

ಅವರು ಖುಷಿಯಿಂದ ಒಳಗೆ ಬಂದು ತಾಟಿನ ಮೇಲೆ ನೋಡಿದರು. ನನ್ನ ಮುಖ ನೋಡಿದರು.

"ಅರೆ ಬೇಟಾ, ಇದು ಸೈಕಲ್ಲೋ, ಸಂತೇಲಿ ಹರವಿದ ಗುಜರಿ ಸಾಮಾನೋ? ಇದರ ಮ್ಯಾಲೆ ಕುಂತ್ಕಳೋದು ಎಲ್ಲಿ, ಸ್ವಲ್ಪ ತೋರಿಸಪ್ಪ!"

ಪಕ್ಕದ ಅಂಗಡಿಯವರೂ ನಕ್ಕರು. ಪ್ರಕಾಶ ಹೊಸ್ತಿಲಿಗೆ ಬಂದು ನಿಂತ. ಅವನು ನಗಲಿಲ್ಲ. ನಕ್ಕಿದ್ದರೆ ಅಲ್ಲೇ ಎರಡು ಬಿಟ್ಟು ಮುಗಿಸಿಬಿಡುತ್ತಿದ್ದೆ. ಕ್ಲಾಸಿನಲ್ಲಿ ಮೇಷ್ಟ್ರಿಗೆ ಉತ್ತರ ಹೇಳುವ ಹಾಗೆ, ತುಂಬಾ ಮೆತ್ತಗೆ ಹೇಳಿದ:

"ಇದು ಅಸೆಂಬಲ್ ಅಲ್ಲ ತಿಪ್ಪೇಶ. ಸಾಮಾನೆಲ್ಲ ತಂದು ಒಂದು ಕಡೆ ಇಟ್ರೆ ಅದು ಬರೀ ಸೇರಿಸಿದ್ದು. ಅಸೆಂಬಲ್ ಅಂದ್ರೆ ಯಾವ್ದು ಯಾವ್ದರ ಜೊತೆ ಕೂಡ್ಬೇಕೋ ಅದರ ಜೊತೇಲೇ ಕೂಡಿಸ್ಬೇಕು. ಕೊನೆಗೆ ಅದು ಓಡ್ಬೇಕು."

ಅಪ್ಪ ಒಳಗಿನಿಂದ ಕೈತಟ್ಟಿದ. ಹೌದು, ಆ ಮೊಂಡು ಕೈಯಿಂದ ತಟ್ಟಿದ.

"ಕೊನೆಗೆ ಓಡ್ಬೇಕು! ಕೇಳಿದ್ರಾ ಸಾಬ್ರೆ? ಎಂಥಾ ಮಾತು ಹೇಳ್ದ ನೋಡ್ರಿ ನಮ್ಮ ಹುಡುಗ! ನಾಳೆ ಭಾನುವಾರ, ಅವನಿಗೂ ರಜ. ಈ ಸೈಕಲ್ಲು ಅವನೇ ಕೂಡಿಸ್ಲಿ, ಹಾಳೆ ಓದ್ಕಂಡು. ಮೊದಲ ಸುತ್ತೂ ಅವನದೇ."

"ಅಪ್ಪ, ನಾನು?"

"ನೀನು ಪಾನ ಎತ್ತಿ ಕೊಡು."

ಭಾನುವಾರ ಬೆಳಗ್ಗೆ ಅಪ್ಪ ಹಾಳೆಯನ್ನು ಜೇಬಿನಿಂದ ತೆಗೆದು ಪ್ರಕಾಶನ ಕೈಗಿಟ್ಟ. ಯಾರೋ ಬಾಡಿಗೆಗೆ ಒಯ್ದ ಸೈಕಲ್ಲು ತಾಲ್ಲೂಕು ಆಫೀಸಿನ ಹತ್ತಿರ ಚೈನು ಕಡಿದುಕೊಂಡು ನಿಂತಿದೆ ಅಂತ ಹೇಳಿಕಳಿಸಿದ್ದರು, ಅದನ್ನು ತರಲು ಹೋದ. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಂಗಡಿಯಲ್ಲಿ ನಾವಿಬ್ಬರೇ. ಗಾಲಿಗಳ ಬೆಂಡು ನಾನು ಮೊದಲೇ ತೆಗೆದಿದ್ದೆ, ಅದು ಅವನಿಂದ ಆಗುವ ಕೆಲಸವೇ ಅಲ್ಲ. ಉಳಿದದ್ದನ್ನು ಅವನು ಹಾಳೆ ಓದುತ್ತಾ ಒಂದೊಂದಾಗಿ ಮಾಡಿದ. ಸಾಯಲಿ, ಎಡವಟ್ಟು ಮಾಡಲಿ ಅಂತ ನಾನು ಕಾಯುತ್ತಿದ್ದೆ. ಅವನು ಮಾಡಲಿಲ್ಲ. ಹ್ಯಾಂಡಲು ನೆಟ್ಟಗೆ ನಿಂತಿತು, ಬ್ರೇಕು ಹಿಡಿಯಿತು, ಚೈನು ಎಷ್ಟು ಬೇಕೋ ಅಷ್ಟೇ ಜೋತಿತು. ನಾನು ಒಂದು ವರ್ಷ ಬೈಸಿಕೊಂಡು ಕಲಿತದ್ದನ್ನು ಅವನು ಒಂದು ಹಾಳೆಯಿಂದ ಒಂದು ಬೆಳಗ್ಗೆ ಮಾಡುತ್ತಿದ್ದ. ಪ್ರತಿ ನಟ್ಟನ್ನೂ ಬಿಗಿದ ಮೇಲೆ ಬಟ್ಟೆಯಿಂದ ಒರೆಸುತ್ತಿದ್ದ. ಅದು ನಮ್ಮ ಅಂಗಡಿಯಲ್ಲಿ ಯಾರೂ ಮಾಡುತ್ತಿರಲಿಲ್ಲ. ಎಷ್ಟು ಚೆಂದ ಕಾಣುತ್ತಿತ್ತೆಂದರೆ ನನಗೆ ಕಣ್ಣು ಉರಿಯಿತು.

ಉಳಿದದ್ದು ಪೆಡಲುಗಳು. ಬಲಗಡೆಯದು ಸಲೀಸಾಗಿ ಕೂತಿತು. ಸೈಕಲ್ ಕೆಲಸ ಗೊತ್ತಿಲ್ಲದವರಿಗಾಗಿ ಇಷ್ಟು ಹೇಳಬೇಕು: ಲೋಕದ ತಿರುಪೆಲ್ಲ ಬಲಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ, ಎಡಗಡೆ ಪೆಡಲು ಮಾತ್ರ ಎಡಕ್ಕೆ ತಿರುಗಿಸಬೇಕು. ಅದರದು ಉಲ್ಟಾ ಥ್ರೆಡ್ಡು. ಇಲ್ಲದಿದ್ದರೆ ತುಳಿದಂತೆಲ್ಲ ಬಿಚ್ಚಿಕೊಂಡು ಬರುತ್ತದೆ. ಅಪ್ಪ ನನಗೆ ಕಲಿಸಿದ ಮೊದಲ ಪಾಠವೇ ಇದು. ಹಾಳೆಯಲ್ಲೂ ಇದ್ದಿರಬೇಕು. ಆದರೆ ಅಪ್ಪ ಜೇಬಿನಲ್ಲಿಟ್ಟು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ, ಪೆಡಲಿನ ಚಿತ್ರ ಇದ್ದ ಮಡಿಕೆಯೇ ಹರಿದು ಸವೆದುಹೋಗಿತ್ತು. ಪ್ರಕಾಶ ಪೆಡಲನ್ನು ಬಲಕ್ಕೆ ತಿರುಗಿಸಿದ. ಕಚ್ಚಲಿಲ್ಲ. ತೆಗೆದು ಒರೆಸಿ ಮತ್ತೆ ಇಟ್ಟ. ಆಗ ಅವನು ತಲೆ ಎತ್ತಿ ನನ್ನನ್ನು ಕೇಳಿದ. ಬಂದು ಅಷ್ಟು ತಿಂಗಳಾಗಿದ್ದರೂ ಗೊತ್ತಿಲ್ಲದ್ದನ್ನು ಹೇಳಿಕೊಡು ಅಂತ ಅವನು ನನ್ನನ್ನು ಕೇಳಿದ್ದು ಅದೇ ಮೊದಲು.

"ತಿಪ್ಪೇಶ, ಇದ್ಯಾಕೋ ಕಚ್ತಿಲ್ವಲ್ಲ. ಏನು ಮಾಡ್ಬೇಕು ಹೇಳೋ."

ಒಂದು ಮಾತು ಸಾಕಾಗಿತ್ತು. ಎಡಕ್ಕೆ ತಿರುಗ್ಸು. ಅದು ಬಾಯಿಯವರೆಗೂ ಬಂದಿತ್ತು. ಅಷ್ಟರಲ್ಲಿ ಬಸ್ ಸ್ಟ್ಯಾಂಡಿನ ಬೇವಿನ ಮರ ಕಣ್ಣಿಗೆ ಬಂತು, ಅದನ್ನು ಸುತ್ತುತ್ತಿರುವ ಅವನ ಬೆನ್ನು, ಆ ಬೆನ್ನ ಮೇಲೆ ನನ್ನ ಖಾಕಿ ಚೀಲ.

"ಹೊಸದಲ್ವಾ, ಬಿಗಿ ಇರ್ತದೆ. ಜೋರಾಗಿ ತಿರುಗ್ಸು," ಅಂದೆ. ಪೆಟ್ಟಿಗೆಯಿಂದ ಎಲ್ಲಕ್ಕಿಂತ ಉದ್ದದ ಪಾನ ಆರಿಸಿ ಅವನ ಕೈಗೆ ಕೊಟ್ಟೆ.

ಅವನು ನಂಬಿದ. ಹಲ್ಲು ಕಚ್ಚಿ, ಎರಡೂ ಕೈಯಿಂದ ಎಳೆದ. ಕಬ್ಬಿಣ ಕಬ್ಬಿಣವನ್ನು ಕಿತ್ತುತಿನ್ನುವ ಸದ್ದು ಒಂದಿದೆ, ಕೆಲಸ ಬಲ್ಲವರಿಗೆ ಅದು ಹಲ್ಲಿನ ಬುಡಕ್ಕೆ ತಾಗುತ್ತದೆ. ನಾನು ಅದನ್ನು ಕೇಳುತ್ತಾ ನಿಂತಿದ್ದೆ. ಪೆಡಲು ಸೊಟ್ಟಗೆ ಅರ್ಧ ಒಳಗೆ ಹೋಗಿ ಸಿಕ್ಕಿಕೊಂಡಿತು. ಪೆಡಲು ಕೂರುವ ಕಬ್ಬಿಣದ ತೋಳು, ಅಂದರೆ ಕ್ರ್ಯಾಂಕು, ಅದರ ತೂತಿನ ಥ್ರೆಡ್ಡು ಪೂರಾ ಕಿತ್ತುಬಂದು, ಬೆಳ್ಳಗೆ ಸುರುಳಿಯಾಗಿ ಗೋಣಿತಾಟಿನ ಮೇಲೆ ಬಿತ್ತು.

ಅಪ್ಪ ಬಂದ. ಜೊತೆಗೆ ಹೊಸ ಸೈಕಲ್ಲಿಗೆ ಅಂತ ಮಲ್ಲಿಗೆ ಹೂವಿನ ಮಾಲೆ ಹಿಡಿದುಕೊಂಡು ಬುಡೇನ್ ಸಾಬ್ರೂ ಬಂದರು. ಅಪ್ಪ ಬಗ್ಗಿ ಪೆಡಲು ನೋಡಿದ, ಬಿದ್ದಿದ್ದ ಸುರುಳಿ ನೋಡಿದ, ಆ ಉದ್ದ ಪಾನ ನೋಡಿದ.

"ಎಡಗಡೇದು ಉಲ್ಟಾ ತಿರುಗ್ಸ್ಬೇಕು ಅಂತ ಇವನು ನಿನಗೆ ಹೇಳ್ಲಿಲ್ವೇನೋ ಪ್ರಕಾಶ?"

ಪ್ರಕಾಶನಿಗೆ ಉಲ್ಟಾ ಅನ್ನೋದು ಗೊತ್ತಾದದ್ದೇ ಆ ಗಳಿಗೆಯಲ್ಲಿ. ನನಗೆ ಅದು ಮೊದಲೇ ಗೊತ್ತಿತ್ತು ಅನ್ನೋದೂ ಆ ಗಳಿಗೆಯಲ್ಲೇ ಗೊತ್ತಾಯಿತು. ಅವನು ನನ್ನ ಕಡೆ ತಿರುಗಿದ. ಸಿಟ್ಟಿನ ಮುಖ ಆಗಿರಲಿಲ್ಲ. ಲೆಕ್ಕ ತಪ್ಪಾದಾಗ ಎಲ್ಲಿ ತಪ್ಪಿದೆ ಅಂತ ಹಿಂದಕ್ಕೆ ಹೋಗಿ ನೋಡುತ್ತಾರಲ್ಲ, ಹಾಗೆ ನೋಡಿದ. ಆಮೇಲೆ ಅಪ್ಪನಿಗೆ ಹೇಳಿದ:

"ಹೇಳ್ದ ಮಾವ. ನಾನೇ ಕೇಳ್ಲಿಲ್ಲ."

ಸಾಬ್ರು ಹೂಮಾಲೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಂಡು, "ಹೋಗ್ಲಿ ಬಿಡ್ರಿ, ಬಳೆ ಒಡೆದಂಗೇನೂ ಆಗಿಲ್ಲ, ಇನ್ನೊಂದು ದಿನ ಆದ್ರೂ ಆಗ್ಲಿ" ಅಂದರು. ಅಪ್ಪ ಒಳಗೆ ಹೋಗಿ, ಮೂಲೆಯಲ್ಲಿ ಇನ್ನೂ ಕಟ್ಟು ಬಿಚ್ಚದೆ ಇಟ್ಟಿದ್ದ ಎರಡನೇ ಸೈಕಲ್ಲಿನ ಸಾಮಾನು ತಂದು, ಹಗ್ಗ ಕೊಯ್ದು, ಅದರ ಎಡಗಡೆ ಕ್ರ್ಯಾಂಕು ಈಚೆಗೆ ತೆಗೆದ. ಅದನ್ನು ನನ್ನ ಕೈಯಲ್ಲಿಟ್ಟು, ಪಕ್ಕದವರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದ:

"ಇದನ್ನ ನೀನೊಬ್ಬನೇ ಕೂಡಿಸ್ಲಿ ಅಂತ ಇಟ್ಟಿದ್ದೆ ಕಣೋ. ಬರೋ ಸೋಮವಾರ. ಅವನಿಗೊಂದು, ನಿನಗೊಂದು."

ಹೊಡೆದಿದ್ದರೆ ಮರೆತುಹೋಗುತ್ತಿತ್ತೇನೋ. ನಾನೇ ಕ್ರ್ಯಾಂಕು ಹಾಕಿದೆ. ಎಡಗಡೆ ಪೆಡಲನ್ನು ಕೈಬೆರಳಿನಿಂದಲೇ ಎಡಕ್ಕೆ ತಿರುಗಿಸಿದೆ. ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು. ಅಪ್ಪ ನೋಡುತ್ತಾ ನಿಂತಿದ್ದ, ಪ್ರಕಾಶನೂ ನೋಡುತ್ತಿದ್ದ. ವಿಭೂತಿ ಹಚ್ಚಿದರು, ಸಾಬ್ರು ಹೂಮಾಲೆ ಹಾಕಿದರು. ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟವನು ನಾನೇ. ಕೊಟ್ಟ ಮಾತಿನ ಹಾಗೆ ಮೊದಲ ಸುತ್ತು ಪ್ರಕಾಶ ಹೋದ. ಅವನಿಗೆ ಸರಿಯಾಗಿ ಸೈಕಲ್ ಹೊಡೆಯಲೂ ಬರುತ್ತಿರಲಿಲ್ಲ, ಅಂಕುಡೊಂಕಾಗಿ, ಎದುರು ಬಂದವರಿಗೆಲ್ಲ ಬೆಲ್ಲು ಹೊಡೆಯುತ್ತಾ ಹೋದ. ಸಂತೆ ರಸ್ತೆಯವರೆಲ್ಲ ನಗುತ್ತಾ ಎದ್ದು ನೋಡಿದರು. ನಾನು ಚಪ್ಪಟೆಯಾದ ನಿಂಬೆಹಣ್ಣು ಎತ್ತಿ ಮೋರಿಗೆ ಎಸೆದೆ.

ಆ ಮಧ್ಯಾಹ್ನ ನನಗೆ ಊಟಕ್ಕೆ ಏಳಲಾಗಲಿಲ್ಲ. ಅವ್ವ ತಟ್ಟೆ ಹಿಡಿದುಕೊಂಡು ಹಿತ್ತಲಿಗೇ ಬಂದಳು. ಮುದ್ದೆಯ ಮೇಲೆ ಅವತ್ತು ತುಪ್ಪ ಇತ್ತು.

"ನೀನು ಅವನಿಗೆ ಹೇಳಿರಲ್ಲ ಅಂತ ನನಗೆ ಗೊತ್ತು ಕಣೋ. ಒಗೆಯೋ ಕಲ್ಲಿಗೆ ಎಲ್ಲಾ ಕೇಳಿಸ್ತದೆ."

"ಅಪ್ಪಂಗೆ?"

"ಅವನು ಕುರುಡನೇನೋ? ಆ ಉದ್ದದ ಪಾನ ಪೆಡಲಿಗೆ ಯಾರು ಹಾಕ್ತಾರೆ?" ತಟ್ಟೆಯನ್ನು ಕಲ್ಲಿನ ಮೇಲಿಟ್ಟು ಹೇಳಿದಳು. "ನಿನ್ನ ಬಿಟ್ಟು ಪ್ರಕಾಶನ ಪಕ್ಕ ನಿಮ್ಮಪ್ಪ ಯಾಕೆ ಕುಂತ್ಕಂತಾನೆ ಅಂದ್ಕಂಡಿದೀಯ? ನಿನ್ನ ಪಕ್ಕ ಕುಂತ್ರೆ ಚೀಲ ಇದ್ದ ಗೂಟ ಕಾಣಿಸ್ತದೆ. ನಿನ್ನ ಸ್ಕೂಲು ಬಿಡಿಸ್ದೋನು ಅವನು. ನಿನ್ನ ಮುಖ ನೋಡಕ್ಕೆ ನಾಚ್ಕಂತಾನೆ. ಉಣ್ಣು."

ನಾನು ಉಂಡೆ. ಮಾರನೇ ದಿನ ಸಂಜೆ ನೋಡಿದರೆ ಬಲ್ಬು ಮತ್ತೆ ಜಾಗ ಬದಲಾಯಿಸಿತ್ತು. ಪ್ರಕಾಶನೇ ಸ್ಟೂಲು ಹತ್ತಿ ಅದನ್ನು ಹೊಸ್ತಿಲ ಮೇಲಕ್ಕೆ ಎಳೆದು ಕಟ್ಟಿದ್ದ, ಅಂಗಡಿಗೂ ಬೀಳಲಿ ನಡುಮನೆಗೂ ಬೀಳಲಿ ಅಂತ. ಅದನ್ನು ನೋಡಿ ನನ್ನ ಮನಸ್ಸು ಕರಗಿತು ಅಂತ ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ಕರಗಲಿಲ್ಲ. ಅದುವರೆಗೆ ಅವನ ಹತ್ತಿರ ನನ್ನ ಚೀಲ, ನನ್ನ ತುಪ್ಪ, ನನ್ನ ಅಪ್ಪ ಇದ್ದರು. ಈಗ ಒಳ್ಳೆಯತನವೂ ಅವನ ಪಾಲಾಯಿತಲ್ಲ ಅಂತ ಇನ್ನಷ್ಟು ಉರಿಯಿತು. ಎರಡನೇ ಸೈಕಲ್ಲಿಗೆ ಕಂಪನಿಯಿಂದ ಬೇರೆ ಕ್ರ್ಯಾಂಕು ಬರಲು ಮೂರು ತಿಂಗಳು ಹಿಡಿಯಿತು. ಬಂದ ಮೇಲೆ ನಾನೊಬ್ಬನೇ ಕೂಡಿಸಿದೆ, ಮೊದಲ ಸುತ್ತೂ ಹೋದೆ. ಬೇವಿನ ಮರ ಸುತ್ತಿ ಬರುವವರೆಗೂ ನನ್ನ ಕಣ್ಣು ಎಡಗಡೆ ಪೆಡಲಿನ ಮೇಲೇ ಇತ್ತು. ಯಾರು ಎದ್ದು ನೋಡಿದರೋ ಗೊತ್ತಿಲ್ಲ.

ಪ್ರಕಾಶ ಇಂಗ್ಲಿಷ್ ಮೇಷ್ಟ್ರಾದ. ಹೊಳಲ್ಕೆರೆ ಕಡೆ ಕೆಲಸ ಮಾಡಿ, ಚಿಕ್ಕಜಾಜೂರಿನಲ್ಲಿ ಸ್ಟೇಷನ್ನಿನ ಹತ್ತಿರ ಮನೆ ಕಟ್ಟಿಕೊಂಡು ರಿಟೈರಾಗಿದ್ದಾನೆ. ನಾನು ಅಪ್ಪನ ಶಾಪನ್ನು ಮೂರು ಅಂಕಣಕ್ಕೆ ಬೆಳೆಸಿದೆ. ಈಗ ಗೇರಿನ ಸೈಕಲ್ಲು, ಬ್ಯಾಟರಿ ಸೈಕಲ್ಲು ಎಲ್ಲ ನನ್ನ ಕೈಯಲ್ಲಿ ಬಿಚ್ಚಿ ಕೂಡುತ್ತವೆ. ಅವುಗಳ ಜೊತೆ ಬರುವ ಇಂಗ್ಲಿಷ್ ಪುಸ್ತಕಗಳನ್ನು ಯಾರ ಸಹಾಯವೂ ಇಲ್ಲದೆ ಓದುತ್ತೇನೆ. ಅಸೆಂಬಲ್ ಅನ್ನೋ ಮಾತನ್ನು ನಾನು ಇವತ್ತಿನವರೆಗೆ ಮತ್ತೆ ತಪ್ಪಾಗಿ ಬಳಸಿಲ್ಲ. ಪೂರಾ ಕೂಡಿ, ನಾನು ಹತ್ತಿ ಒಂದು ಸುತ್ತು ಹೋಗಿ ಬಂದ ಮೇಲೇ ಆ ಮಾತು ನನ್ನ ಬಾಯಿಂದ ಬರುವುದು.

ಹೋದ ತಿಂಗಳು ಪ್ರಕಾಶ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಆಟೋದಲ್ಲಿ ಹಾಕಿಸಿಕೊಂಡು ಮೊಮ್ಮಗಳ ಜೊತೆ ಶಾಪಿಗೆ ಬಂದ. ಮೊಬೈಲಿನಲ್ಲಿ ತರಿಸಿದ ಸೈಕಲ್ಲು, ಬಿಡಿಬಿಡಿಯಾಗಿ ಬಂದಿತ್ತು. ಅವನೇ ಹಾಳೆ ಓದಿದ, ನಾನು ಕೂಡಿಸಿದೆ. ಎಡಗಡೆ ಪೆಡಲು ಕೈಗೆತ್ತಿಕೊಂಡಾಗ ಅವನು ಮೊಮ್ಮಗಳನ್ನು ಹತ್ತಿರ ಕರೆದು, ಕನ್ನಡಕ ಮೇಲೆ ಮಾಡಿಕೊಂಡು ಹೇಳಿದ:

"ಇದನ್ನ ಉಲ್ಟಾ ತಿರುಗ್ಸ್ಬೇಕು, ಗೊತ್ತೇನಮ್ಮಾ? ನಾನು ಚಿಕ್ಕೋನಿದ್ದಾಗ ಈ ತಾತ ಬಾಯಿ ಬಡ್ಕಂಡು ಹೇಳ್ದ. ನಾನು ಕೇಳ್ಲಿಲ್ಲ. ಹೊಸ ಸೈಕಲ್ಲೇ ಹಾಳು ಮಾಡಿದ್ದೆ!"

ಅವನ ಕಣ್ಣನ್ನೇ ನೋಡಿದೆ. ಕುಹಕ ಇತ್ತಾ, ನೋವು ಇತ್ತಾ ಅಂತ ಹುಡುಕಿದೆ. ಏನೂ ಇರಲಿಲ್ಲ. ಅವತ್ತು ನನಗಾಗಿ ಹೇಳಿದ ಸುಳ್ಳನ್ನು ಹೇಳಿ ಹೇಳಿ ಅವನೇ ನಂಬಿಬಿಟ್ಟಿದ್ದಾನೋ, ಅಥವಾ ಈ ವಯಸ್ಸಿನಲ್ಲೂ ನನ್ನನ್ನು ಕಾಯುತ್ತಿದ್ದಾನೋ, ನನಗೆ ತಿಳಿಯಲಿಲ್ಲ. ಮರೆತಿದ್ದರೆ ಆ ಮರೆವಿನ ಮೇಲೆ ನನಗೆ ಹೊಟ್ಟೆಕಿಚ್ಚು. ಮರೆತಿಲ್ಲದಿದ್ದರೆ ಆ ಮನಸ್ಸಿನ ಮೇಲೆ. ಅವನ ನೆನಪಿನಲ್ಲಿರುವ ತಿಪ್ಪೇಶ ನನಗಿಂತ ಎಷ್ಟೋ ಒಳ್ಳೆಯವನು. ಅವನ ಮೇಲೂ ನನಗೆ ಹೊಟ್ಟೆಕಿಚ್ಚೇ. ಆ ಹೊತ್ತಿನಲ್ಲಿ ನಿಜ ಹೇಳಬಹುದಿತ್ತು. ಒಂದು ಮಾತು ಸಾಕಾಗಿತ್ತು. ನಾನು ಪೆಡಲನ್ನು ಎಡಕ್ಕೆ ತಿರುಗಿಸುತ್ತಾ, ಎರಡನೇ ಸಲವೂ ಸುಮ್ಮನಿದ್ದೆ.

ಸೈಕಲ್ಲು ತಯಾರಾದಾಗ ಮೊದಲ ಸುತ್ತು ನೀನು ಹೋಗು ಅಂತ ಅವನು ಅಂದ. ಮಂಡಿ ನೋವು ಅಂತ ನೆಪ ಹೇಳಿ ಮೊಮ್ಮಗಳನ್ನೇ ಕಳಿಸಿದೆ. ಅಪ್ಪನ ಮಾತು ಮೀರಿದ್ದು ಅದೊಂದೇ ಸಲ. ನನ್ನ ಬದುಕಿನ ಬಗ್ಗೆ ಬರೆಯುತ್ತಿರುವ ಪುಸ್ತಕದ ಈ ಅಧ್ಯಾಯವನ್ನು ಮುಗಿಸಿದ್ದೇನೆ. ಅಚ್ಚಿಗೆ ಕೊಡುವ ಮೊದಲು ಇಂಗ್ಲಿಷ್ ಮೇಷ್ಟ್ರು ಒಂದು ಸಲ ತಿದ್ದಿಕೊಡಲಿ ಅಂತ ಚಿಕ್ಕಜಾಜೂರಿಗೆ ಕಳಿಸುತ್ತಿದ್ದೇನೆ. ತಿದ್ದುವಾಗ ಈ ಸಾಲನ್ನು ಮಾತ್ರ ಹೊಡೆದುಹಾಕಬೇಡ ಪ್ರಕಾಶ: ನಾನು ನಿನಗೆ ಹೇಳಿರಲಿಲ್ಲ.